ಒಂದು ಸಲ ನೋಡಿದರೆ ಸಾಕು

ಜೂನ್ 9

ಸೂಜಿ,

ಇಪ್ಪತ್ತು ವರ್ಷದ ಮೇಲೆ ಪತ್ರ ಬರೆಯುತ್ತಿದ್ದೇನೆ. ಕೊನೆಯದನ್ನು ಬರೆದದ್ದು ನನ್ನ ಮಾವನಿಗೆ, ಅವರ ಮಗಳನ್ನು ಬೇಗ ಕಳಿಸಿಕೊಡಿ ಎಂದು. ಅವರು ಉತ್ತರವನ್ನೂ ಕೊಡಲಿಲ್ಲ, ಮಗಳನ್ನೂ ಬೇಗ ಕಳಿಸಲಿಲ್ಲ. ಹಾಗಾಗಿ ಈ ವಿದ್ಯೆಯಲ್ಲಿ ನನಗೆ ನಂಬಿಕೆ ಕಡಿಮೆ. ಏನು ಮಾಡಲಿ, ನಿನ್ನ ಫೋನು ಎರಡು ವಾರದಿಂದ ಬಾಯಿ ಮುಚ್ಚಿಕೊಂಡಿದೆ. ನೀನು ಅಕ್ಕನ ಮನೆಯಲ್ಲಿದ್ದೀಯ ಎಂದು ತಿಳಿದು, ಆಫೀಸಿನ ಗುಮಾಸ್ತರನ್ನು ಕಾಡಿ ಬೇಡಿ ವಿಳಾಸ ತೆಗೆದುಕೊಂಡೆ.

ಕಾಗದ ನೋಡಿ ನಗಬೇಡ, ಟ್ರಿಪ್ ಶೀಟಿನ ಹಿಂಬದಿ. ಆಸ್ಪತ್ರೆಯ ಗೇಟಿನ ಮುಂದೆ ಸಾಲಿನಲ್ಲಿ ನಿಂತಿದ್ದೇನೆ. ನನ್ನ ಮುಂದೆ ಒಂಬತ್ತು ಆಂಬುಲೆನ್ಸುಗಳಿವೆ. ಒಳಗೆ ಒಂದು ಹಾಸಿಗೆ ಖಾಲಿಯಾದರೆ ಹೊರಗೆ ಒಂದು ಗಾಡಿ ಮುಂದಕ್ಕೆ ಹೋಗುತ್ತದೆ. ಹಿಂದೆ ಮಲಗಿರುವ ಅಜ್ಜಿ ಗಟ್ಟಿಗಿತ್ತಿ. ಮಾಸ್ಕ್ ಸರಿಸಿ, ನಡುವಿನ ಗಾಜು ತಟ್ಟಿ, ಏನು ಬರೆಯುತ್ತಿದ್ದೀಯ ಎಂದು ಕೇಳಿದರು. ಉಯಿಲು ಎಂದೆ. ನನ್ನದನ್ನೂ ಬರೆ ಅಂದರು.

ನಿನ್ನ ಜಾಗಕ್ಕೆ ಒಬ್ಬ ನರ್ಸಮ್ಮನನ್ನು ಹಾಕಿದ್ದಾರೆ. ಮೊದಲು ಹಲ್ಲಿನ ಆಸ್ಪತ್ರೆಯಲ್ಲಿದ್ದರಂತೆ. ಯಾರನ್ನು ಮಲಗಿಸಿದರೂ ಬಾಯಿ ತೆಗೆಯಿರಿ ಅನ್ನುತ್ತಾರೆ. ಕೆಲಸ ಅಚ್ಚುಕಟ್ಟು, ತಪ್ಪು ಹುಡುಕುವಂಥದ್ದು ಏನಿಲ್ಲ. ಆದರೆ ಯಾವ ರಸ್ತೆಯಲ್ಲಿ ಹೋಗಬೇಕೆಂದು ನನಗೆ ಹೇಳುತ್ತಾರೆ. ಎಂಟು ವರ್ಷದಲ್ಲಿ ನೀನು ಒಂದು ದಿನವೂ ಹೇಳಿರಲಿಲ್ಲ. ಮೊದಲನೇ ದಿನವೇ ನಾವು ಮಾತಾಡಿಕೊಂಡಿದ್ದೆವಲ್ಲ, ಮುಂದಿನ ಬಾಗಿಲು ನನ್ನದು, ಹಿಂದಿನ ಬಾಗಿಲು ನಿನ್ನದು. ರಸ್ತೆಯ ಬಗ್ಗೆ ನೀನು ಬಾಯಿ ಹಾಕಬಾರದು, ಸಿಲಿಂಡರು ಸೂಜಿಗಳ ತಂಟೆಗೆ ನಾನು ಬರಬಾರದು. ಆ ನರ್ಸಮ್ಮನಿಗೆ ಇದನ್ನು ವಿವರಿಸಲು ನನಗೆ ಶಕ್ತಿ ಸಾಲದು.

ಆದದ್ದು ಆಗಿಹೋಯಿತು. ಹತ್ತು ದಿನ ಮಲಗು, ತಿನ್ನು, ಎದ್ದು ಬಾ. ರಜೆಯ ಅರ್ಜಿಗೆ ನೀನು ಸಹಿ ಹಾಕದೆ ಹೋಗಿದ್ದೀಯ. ನಾನೇ ಹಾಕಿದ್ದೇನೆ. ನಿನ್ನ ಸಹಿ ನಿನಗಿಂತ ನನಗೇ ಚೆನ್ನಾಗಿ ಬರುತ್ತದೆ.

ಗಾಡಿ ಮುಂದಕ್ಕೆ ಹೋಗಬೇಕು. ನಿಲ್ಲಿಸುತ್ತೇನೆ.

ಗಾಡಿಯಣ್ಣ


ಜೂನ್ 21

ಅಣ್ಣ,

ಪತ್ರ ಬಂತು. ಅಕ್ಕ ಓದಿ ನಕ್ಕಳು. ಮಾವನ ವಿಷಯಕ್ಕೆ ನನಗೂ ನಗು ಬಂತು, ಸುಳ್ಳು ಹೇಳುವುದಿಲ್ಲ.

ಫೋನು ಕೆಟ್ಟಿಲ್ಲ. ಆರಿಸಿ ಅಕ್ಕನ ಕಪಾಟಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದೇನೆ. ಪಕ್ಕದ ಮನೆಯವರ ಫೋನು ಬಡಿದುಕೊಂಡರೂ ಎದ್ದು ಚಪ್ಪಲಿ ಹಾಕಿಕೊಳ್ಳುತ್ತೇನೆ. ಕಂಟ್ರೋಲ್ ರೂಮಿನವರು ಮತ್ತೊಂದು ವಿಳಾಸ ಹೇಳುತ್ತಾರೆ ಅನಿಸುತ್ತದೆ.

ಆ ದಿನ ಏನಾಯಿತೆಂದು ನಿನಗೆ ಗೊತ್ತು. ಆದರೂ ಒಮ್ಮೆ ಬರೆದುಬಿಡುತ್ತೇನೆ, ಆಮೇಲೆ ಆ ಮಾತು ಬೇಡ. ಆಮ್ಲಜನಕದ ಸಿಲಿಂಡರಿನ ವಾಲ್ವ್ ತೆರೆದಿದೆಯೋ ಇಲ್ಲವೋ ಎಂದು ನಾನು ಟ್ರಿಪ್ಪಿಗೆ ಹತ್ತು ಸಲ ನೋಡುತ್ತಿದ್ದೆ. ಬಲಕ್ಕೆ ತಿರುಗಿಸಿ ಮುಚ್ಚುವುದು. ತಿರುಗಿತು ಎಂದರೆ ತೆರೆದೇ ಇತ್ತು ಎಂದು ಅರ್ಥ. ಮತ್ತೆ ಎಡಕ್ಕೆ ತಿರುಗಿಸಿ ತೆರೆಯುವುದು. ರೇಡಿಯೊ ಸ್ಟೇಷನ್ ಹುಡುಕ್ತಿದೀಯಾ ಎಂದು ನೀನು ಅಣಕಿಸುತ್ತಿದ್ದೆ. ಕಡೆಗೆ ಬುಧವಾರ ನಮ್ಮ ಗಾಡಿ ಷೆಡ್ಡಿಗೆ ಬರುವ ಮನಸ್ಸಿನ ಡಾಕ್ಟರಮ್ಮನ ಮುಂದೆ ಹೋಗಿ ಕೂತೆ. ಇದು ವಾಲ್ವಿನ ತೊಂದರೆಯಲ್ಲ, ಆತಂಕದ್ದು ಎಂದರು. “ಬೆಳಿಗ್ಗೆ ಒಂದು ಸಲ ನೋಡಿ, ಸಾಕು. ಆಮೇಲೆ ಕೈ ಜೇಬಿನಲ್ಲಿ ಇಟ್ಕೊಳಿ,” ಅಂದರು.

ಮೂರು ವಾರ ನನ್ನ ಕೈಲಿ ಆಗಲಿಲ್ಲ. ಮೇ ಇಪ್ಪತ್ತೆರಡರಂದು ಮೊದಲ ಬಾರಿಗೆ ಆಯಿತು. ಷೆಡ್ಡಿನಲ್ಲಿ ಒಂದೇ ಸಲ ನೋಡಿ ಬಾಗಿಲು ಹಾಕಿದೆ. ನಿನಗೂ ಹೇಳಿದೆ. ನೀನು ಬೆನ್ನು ತಟ್ಟಿದೆ.

ಆ ಒಂದು ಸಲದಲ್ಲೇ ಬಲಕ್ಕೆ ತಿರುಗಿಸಿದವನು ಎಡಕ್ಕೆ ತಿರುಗಿಸಲು ಮರೆತಿದ್ದೇನೆ. ದಿನದ ಮೊದಲ ಟ್ರಿಪ್ ಆ ದರ್ಜಿಯವರದು. ಮೂರನೇ ಮಹಡಿಯಿಂದ ಕುರ್ಚಿಯಲ್ಲಿ ಇಳಿಸಿದಾಗ ಅವರ ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ಇತ್ತು. ಮಾಸ್ಕ್ ಹಾಕಿದೆ. ಕೊಳವೆಯಲ್ಲಿ ಉಳಿದಿದ್ದ ಗಾಳಿಗೆ ಮೀಟರಿನ ಮುಳ್ಳು ಹಸಿರಿನಲ್ಲೇ ನಿಂತಿತ್ತು. ಆಮೇಲೆ ಮತ್ತೆ ಅತ್ತ ನೋಡಬಾರದೆಂದು ಹಟ ಹಿಡಿದೆ, ಒಂದು ಸಲ ಎಂದರೆ ಒಂದು ಸಲ. ಮುಖದ ಮೇಲಿನ ಗಾಜು ಬೇರೆ ಮಂಜಾಗಿತ್ತು. ಅವರ ಬೆರಳಿನ ಕ್ಲಿಪ್ಪಿನಲ್ಲಿ ಎಂಬತ್ತೆಂಟಿದ್ದ ಆಮ್ಲಜನಕದ ಅಂಕಿ ಅರವತ್ತೊಂಬತ್ತಕ್ಕೆ ಬಂದಾಗಲೇ ವಾಲ್ವಿಗೆ ಕೈ ಹಾಕಿದ್ದು. ಮುಚ್ಚಿತ್ತು. ನಾಲ್ಕು ನಿಮಿಷ.

ಮೂರನೇ ದಿನ ಅವರು ತೀರಿಕೊಂಡರು. ಶ್ವಾಸಕೋಶ ಮೊದಲೇ ಹೋಗಿತ್ತು, ನಿಮ್ಮ ನಾಲ್ಕು ನಿಮಿಷದಿಂದ ಅಲ್ಲ ಎಂದು ಆಸ್ಪತ್ರೆಯ ಡಾಕ್ಟರು ಹೇಳಿದರು. ಕರುಣೆಗೆ ಹೇಳಿದರೋ ನಿಜ ಹೇಳಿದರೋ ಗೊತ್ತಿಲ್ಲ. ಯಾರೂ ವಿಚಾರಣೆ ಮಾಡಲಿಲ್ಲ. ಮಾಡಲು ಯಾರಿಗೆ ಪುರುಸೊತ್ತಿತ್ತು?

ಇನ್ನೊಬ್ಬರ ಉಸಿರು ನನ್ನ ಕೈಯಲ್ಲಿ ಇರುವ ಕೆಲಸ ನನಗೆ ಬೇಡ. ಮತ್ತೆ ಬರೆಯಬೇಡ ಅಣ್ಣ.

ಸೂಜಿ


ಜುಲೈ 6

ಸೂಜಿ,

ಬರೆಯಬೇಡ ಎಂದಿದ್ದೀಯ. ನಿನ್ನ ಮಾತು ಕೇಳುವ ಅಭ್ಯಾಸ ನನಗೆ ಯಾವತ್ತು ಇತ್ತು?

ನಿನ್ನ ಡಾಕ್ಟರಮ್ಮನಿಗೆ ನಾವು ಉಸಿರಮ್ಮ ಎಂದು ಹೆಸರಿಟ್ಟಿದ್ದೇವೆ. ಟೈರು ಇಡುವ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಕಳೆದ ವಾರ ನಮ್ಮ ಹನ್ನೆರಡು ಜನ ಡ್ರೈವರುಗಳನ್ನೂ ಸಾಲಾಗಿ ಕೂರಿಸಿ, ನಾಲ್ಕು ಎಣಿಸುತ್ತ ಉಸಿರು ಎಳೆಯಿರಿ, ನಾಲ್ಕು ಎಣಿಸುತ್ತ ಹಿಡಿಯಿರಿ, ನಾಲ್ಕು ಎಣಿಸುತ್ತ ಬಿಡಿ ಎಂದರು. ಹಿಡಿದಿದ್ದಾಗಲೇ ಕಂಟ್ರೋಲ್ ರೂಮಿನ ಗಂಟೆ ಹೊಡೆಯಿತು. ಮೂರು ಜನ ಉಸಿರು ಬಿಡದೆ ಎದ್ದು ಓಡಿದರು.

ಆಮೇಲೆ ಒಂದು ಫಾರಂ. ಕಳೆದ ಹದಿನೈದು ದಿನದಲ್ಲಿ ಕಾರಣವಿಲ್ಲದೆ ಭಯವಾಯಿತೇ, ನಿದ್ದೆ ಕೆಟ್ಟಿತೇ, ಒಂದೇ ವಿಷಯ ತಲೆಯಲ್ಲಿ ಸುತ್ತಿತೇ. ಎಂದೂ ಇಲ್ಲ, ಕೆಲವು ಸಲ, ದಿನಾ. ನಾನು ಎಲ್ಲದಕ್ಕೂ ಎಂದೂ ಇಲ್ಲ ಎಂದು ಗುರುತು ಹಾಕಿದೆ. ಮಾರನೇ ದಿನ ಉಸಿರಮ್ಮ ಹನ್ನೆರಡೂ ಫಾರಂ ಹಿಡಿದುಕೊಂಡು ಬಂದರು. ಹನ್ನೆರಡರಲ್ಲೂ ಎಂದೂ ಇಲ್ಲ. ಪರೀಕ್ಷೆಯಲ್ಲಿ ಕಾಪಿ ಹೊಡೆದವರನ್ನು ನೋಡುವ ಹಾಗೆ ನಮ್ಮನ್ನು ನೋಡಿದರು. ಬೈಯಲಿಲ್ಲ.

ಸೋಂಕಿನ ಭಯಕ್ಕೆ ನಾನು ಮನೆಯೊಳಗೆ ಹೋಗಿ ನಲವತ್ತು ದಿನವಾಯಿತು. ಷೆಡ್ಡಿನಲ್ಲೇ ಸ್ನಾನ, ಷೆಡ್ಡಿನಲ್ಲೇ ನಿದ್ದೆ. ನಿನ್ನ ಅತ್ತಿಗೆ ಗೇಟಿನ ಹತ್ತಿರ ಡಬ್ಬಿ ಇಟ್ಟು ಹತ್ತು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾಳೆ. ಮದುವೆಗೆ ಮುಂಚೆ ಹೆಣ್ಣು ನೋಡಲು ಹೋದಾಗಲೂ ಇಷ್ಟೇ ದೂರ ನಿಂತಿದ್ದಳು. ಸೂಜಿ ಯಾವಾಗ ಬರ್ತಾನೆ ಎಂದು ದಿನಾ ಕೇಳುತ್ತಾಳೆ.

ಮೊನ್ನೆ ಗಾಡಿಯನ್ನು ಹಿಂದಕ್ಕೆ ತೆಗೆಯುವಾಗ ಕಂಬಕ್ಕೆ ಗುದ್ದಿಸಿದೆ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ. ದೊಡ್ಡದೇನಿಲ್ಲ, ಬಂಪರು ಸ್ವಲ್ಪ ನೆಗ್ಗಿದೆ.

ಬಾ ಮಾರಾಯ. ಆ ಹಲ್ಲಿನ ನರ್ಸಮ್ಮನಿಂದ ನನ್ನನ್ನು ಕಾಪಾಡು.

ಗಾಡಿಯಣ್ಣ


ಆಗಸ್ಟ್ 1

ಸೂಜಿ,

ಉತ್ತರ ಬರಲಿಲ್ಲ. ಸರಿ.

ಇಲ್ಲಿ ಕೇಸು ಕಡಿಮೆಯಾಗುತ್ತಿವೆ ಅನ್ನುತ್ತಾರೆ. ನಿನ್ನೆ ಗೇಟಿನ ಮುಂದೆ ಮೂರೇ ಗಾಡಿ. ಬಿಡುವು ಸಿಕ್ಕಿದರೆ ಒಳ್ಳೆಯದು ಅಂದುಕೊಂಡಿದ್ದೆ. ಬಿಡುವೇ ಕಷ್ಟ, ಕೈಗೆ ಕೆಲಸವಿಲ್ಲದಿದ್ದರೆ ತಲೆ ಕೆಲಸ ಶುರುಮಾಡುತ್ತದೆ.

ನರ್ಸಮ್ಮ ಒಂದು ವಿಷಯ ಕೇಳಿದರು. ಸೇತುವೆಯ ಆಚೆಗೆ ಹೋಗಬೇಕಾದಾಗಲೆಲ್ಲ ದರ್ಜಿಯವರ ಬೀದಿ ಬಿಟ್ಟು ಯಾಕೆ ಸುತ್ತಿ ಹೋಗುತ್ತೀರಿ, ಐದು ನಿಮಿಷ ಹೆಚ್ಚು ಹಿಡಿಯುತ್ತದಲ್ಲ ಎಂದು. ರಸ್ತೆ ಅಗೆದಿದ್ದಾರೆ ಎಂದೆ. ಇಂದು ಅವರು ಬಸ್ಸಿನಲ್ಲಿ ಆ ಬೀದಿಯಲ್ಲೇ ಬಂದರಂತೆ. ಯಾರೂ ಏನೂ ಅಗೆದಿಲ್ಲ. 

ಹಿಂದಿನ ಬಾಗಿಲು ತೆಗೆಯಬೇಕಾದರೆ ಈಗ ಅವರನ್ನೇ ಕೂಗುತ್ತೇನೆ. ನಾನು ಮುಟ್ಟುವುದಿಲ್ಲ.

ಗಾಡಿಯಣ್ಣ


ಆಗಸ್ಟ್ 14

ಗಾಡಿಯಣ್ಣನವರಿಗೆ,

ನಮಸ್ಕಾರ. ನಾನು ನಿಮ್ಮ ಸೂಜಿಯ ಅಕ್ಕ. ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷೆ ಮಾಡುವವಳು. ಅಂಗಡಿ ಮುಚ್ಚಿರುವುದರಿಂದ ಈಗ ಮನೆಯಲ್ಲಿ ಕೂತು ತಮ್ಮನನ್ನು ನೋಡುತ್ತಿದ್ದೇನೆ. ಅವನಿಗೆ ಹೇಳದೆ ಬರೆಯುತ್ತಿದ್ದೇನೆ.

ಅವನು ಊಟದ ನಡುವೆ ಎದ್ದು ಹೋಗಿ ಒಲೆಯ ಗ್ಯಾಸ್ ಮುಚ್ಚಿದೆಯೇ ಎಂದು ನೋಡುತ್ತಾನೆ. ಒಂದು ಊಟಕ್ಕೆ ಎಂಟು ಸಲ, ನಾನು ಎಣಿಸಿದ್ದೇನೆ. ಸಿಲಿಂಡರಿನ ಮೇಲೆ ಮುಚ್ಚಿದೆ ಎಂದು ಬರೆದು ಚೀಟಿ ಅಂಟಿಸಿದೆ. ಚೀಟಿ ಕಿತ್ತು ನೋಡಿದ. ನಾನು ಮುಚ್ಚಿದ್ದೇನೆ ಎಂದರೆ, “ನಾನೂ ಹಾಗೇ ಅಂದ್ಕೊಂಡಿದ್ದೆ ಅಕ್ಕ,” ಅನ್ನುತ್ತಾನೆ. 

ಅಕ್ಟೋಬರ್ ಕೊನೆಯೊಳಗೆ ಬಾರದಿದ್ದರೆ ಹೆಸರು ತೆಗೆಯುತ್ತೇವೆಂದು ಆಫೀಸಿನಿಂದ ಪತ್ರ ಬಂದಿದೆ. ತೆಗೆಯಲಿ ಅನ್ನುತ್ತಾನೆ. ಒಂದು ಗೋದಾಮಿನಲ್ಲಿ ಪೆಟ್ಟಿಗೆ ಜೋಡಿಸುವ ಕೆಲಸಕ್ಕೆ ಮಾತಾಡಿ ಬಂದಿದ್ದಾನೆ. ಪೆಟ್ಟಿಗೆ ಉಸಿರಾಡುವುದಿಲ್ಲವಂತೆ.

ನಿಮ್ಮ ಮೂರೂ ಪತ್ರಗಳನ್ನು ಓದಿದ್ದೇನೆ. ಮೇಜಿನ ಮೇಲೆ ಬಿಟ್ಟಿರುತ್ತಾನೆ, ನಾನು ಕೇಳದೆ ಓದುತ್ತೇನೆ. ಒಂದು ಸಂಗತಿ ಕಣ್ಣಿಗೆ ಬಿತ್ತು. ಅವನು ಆ ದಿನದ ಕಥೆಯನ್ನು ಒಂದೂ ಬಿಡದೆ ನಿಮಗೆ ಬರೆದ. ಅದಕ್ಕೆ ಮುಂಚೆಯೂ ಆಮೇಲೂ ನೀವು ಹಲ್ಲಿನ ನರ್ಸು, ಉಸಿರಮ್ಮ, ಕಂಬ, ಡಬ್ಬಿ ಎಲ್ಲದರ ಬಗ್ಗೆಯೂ ಬರೆದಿರಿ. ಆ ದಿನದ ಬಗ್ಗೆ ಮಾತ್ರ, ಆದದ್ದು ಆಗಿಹೋಯಿತು ಎಂಬುದು ಬಿಟ್ಟರೆ, ಒಂದು ಸಾಲೂ ಇಲ್ಲ. ಇಂಥ ಹೊತ್ತಿನಲ್ಲಿ ಎಲ್ಲರೂ ತಪ್ಪು ನಿನ್ನದಲ್ಲ ಎಂದು ಸುಳ್ಳಿಗಾದರೂ ಹೇಳುತ್ತಾರೆ. ನಾನು ದಿನಾ ಹೇಳುತ್ತೇನೆ. ನೀವು ಅದನ್ನೂ ಹೇಳಲಿಲ್ಲ.

ಯಾಕೆ ಎಂದು ನಾನು ಕೇಳುತ್ತಿದ್ದೇನೆ. ಸಿಟ್ಟಿನಿಂದ ಅಲ್ಲ. ಓದಲು ಆಗುತ್ತಿಲ್ಲ ಎಂದು ಬಂದವರಿಗೆ ಯಾವ ಸಾಲಿನಿಂದ ಕಾಣುತ್ತಿಲ್ಲ ಎಂದು ಕೇಳುವುದು ನನ್ನ ಕೆಲಸ.

ಇಂತು,
ಸೂಜಿಯ ಅಕ್ಕ


ಆಗಸ್ಟ್ 25

ಅಕ್ಕನವರಿಗೆ,

ನಿಮ್ಮ ಪತ್ರ ತಲುಪಿತು. ಈಗ ಕೆಲಸ ಜಾಸ್ತಿ. ಬಿಡುವಾದ ಮೇಲೆ ವಿವರವಾಗಿ ಬರೆಯುತ್ತೇನೆ. ಅವನಿಗೆ ಗೋದಾಮಿನ ಕೆಲಸ ಬೇಡ ಎಂದು ಹೇಳಿ. ಅವನ ಬೆನ್ನು ಅಷ್ಟು ಗಟ್ಟಿಯಿಲ್ಲ.

ಗಾಡಿಯಣ್ಣ


ಸೆಪ್ಟೆಂಬರ್ 12

ಸೂಜಿ,

ಇದನ್ನು ಟ್ರಿಪ್ ಶೀಟಿನ ಮೇಲೆ ಬರೆಯುತ್ತಿಲ್ಲ. ಅಂಗಡಿಗೆ ಹೋಗಿ ಕಾಗದ ತಂದಿದ್ದೇನೆ. ಇದು ಐದನೆಯ ಹಾಳೆ, ಮೊದಲ ನಾಲ್ಕರಲ್ಲಿ ತಮಾಷೆ ಮಾಡಿದ್ದೆ, ಹರಿದೆ.

ನಿನ್ನ ಅಕ್ಕ ಒಂದು ಪ್ರಶ್ನೆ ಕೇಳಿದ್ದರು. ತಪ್ಪು ನಿನ್ನದಲ್ಲ ಎಂದು ನಾನು ಯಾಕೆ ಬರೆಯಲಿಲ್ಲ ಎಂದು. ಅಷ್ಟು ಬರೆದರೆ ಹಾಗಾದರೆ ಯಾರದು ಎಂಬ ಮುಂದಿನ ಸಾಲು ತಾನಾಗಿ ಬರುತ್ತಿತ್ತು. ಅದಕ್ಕೇ ಬರೆಯಲಿಲ್ಲ.

ವಾಲ್ವ್ ಮುಚ್ಚಿದ್ದು ನಾನು.

ಆ ದಿನ ಬೆಳಿಗ್ಗೆ ಒಂದೇ ಸಲ ನೋಡಿದೆ ಎಂದು ನೀನು ಹೇಳಿದಾಗ ಬೆನ್ನು ತಟ್ಟಿದೆ. ಒಳಗೆ ನನಗೆ ನಂಬಿಕೆ ಬರಲಿಲ್ಲ. ನೀನು ಹತ್ತು ಸಲ ನೋಡುತ್ತಿದ್ದಾಗ ನಾನು ನಿಶ್ಚಿಂತೆಯಾಗಿದ್ದೆ. ನಿನ್ನನ್ನು ಅಣಕಿಸುತ್ತ ನಿನ್ನ ಭಯದ ನೆರಳಲ್ಲೇ ಆರಾಮಾಗಿ ಗಾಡಿ ಓಡಿಸುತ್ತಿದ್ದೆ. ನೀನು ಬಿಟ್ಟಕೂಡಲೇ ಅದು ನನಗೆ ಹತ್ತಿಕೊಂಡಿತು. ದಾರಿಯುದ್ದಕ್ಕೂ ಅದೇ ಯೋಚನೆ, ಒಂದು ಸಲ ಸಾಕಾ, ಒಂದು ಸಲ ಸಾಕಾ.

ದರ್ಜಿಯವರ ಮನೆ ಮುಂದೆ ನಿಲ್ಲಿಸಿದೆ. ನೀನು ಕುರ್ಚಿ ತೆಗೆದುಕೊಂಡು ಮೇಲೆ ಹೋದೆ. ನಾನು ಇಳಿದು ಹಿಂದಿನ ಬಾಗಿಲು ತೆಗೆದೆ. ಎಂಟು ವರ್ಷದಲ್ಲಿ ಮೊದಲ ಸಲ. ನೀನು ಮಾಡುತ್ತಿದ್ದ ಹಾಗೆಯೇ ವಾಲ್ವಿಗೆ ಕೈ ಹಾಕಿ ಬಲಕ್ಕೆ ತಿರುಗಿಸಿದೆ. ತಿರುಗಿತು. ಅಂದರೆ ತೆರೆದಿತ್ತು. ನೀನು ಸರಿಯಾಗಿಯೇ ನೋಡಿದ್ದೆ. ಇನ್ನು ಎಡಕ್ಕೆ ತಿರುಗಿಸಬೇಕು, ಅಷ್ಟರಲ್ಲಿ ಮುಂದೆ ಫೋನು ಬಡಿದುಕೊಂಡಿತು. ಕಂಟ್ರೋಲ್ ರೂಮಿನವರು, ಇದು ಮುಗಿಯಲು ಎಷ್ಟು ಹೊತ್ತು, ಇನ್ನೊಂದು ಕೇಸು ಕಾಯುತ್ತಿದೆ ಎಂದು. ಓಡಿಹೋಗಿ ಮಾತಾಡಿದೆ. ಮಾತು ಮುಗಿಯುವಷ್ಟರಲ್ಲಿ ನೀನು ಮೆಟ್ಟಿಲ ಮೇಲಿಂದ ಕೂಗಿದೆ. ಕುರ್ಚಿಯ ಕಾಲು ಹಿಡಿಯಲು ಬಂದೆ. ವಾಲ್ವು ಹಾಗೇ ಉಳಿಯಿತು.

ಸೇತುವೆಯ ಹತ್ತಿರ ನೀನು “ನಿಲ್ಸು, ಮುಚ್ಚಿದೆ” ಎಂದು ಕೂಗಿದ ಕ್ಷಣವೇ ನನಗೆ ಗೊತ್ತಾಯಿತು. ಆಗಲೇ ಹೇಳಬಹುದಿತ್ತು. ಸಂಜೆ ನೀನು ಷೆಡ್ಡಿನ ನಲ್ಲಿಯ ಹತ್ತಿರ ಕೂತು, ನಾನೇ ಮುಚ್ಚಿಬಿಟ್ಟೆ ಅಣ್ಣ ಎಂದು ಅತ್ತಾಗ ಹೇಳಬಹುದಿತ್ತು. ನಿನಗೆ ನೀರು ತಂದುಕೊಟ್ಟೆ. ನೀರು ಕೊಡುವುದು ಸುಲಭವಿತ್ತು.

ಉಸಿರಮ್ಮನ ಹತ್ತಿರ ಹೋಗಿ ಎಲ್ಲ ಹೇಳಿದೆ. ಫಾರಂ ವಾಪಸ್ ಕೊಡಿ, ತಿದ್ದಬೇಕು ಎಂದೆ. ಅವರು ಫಾರಂ ಇರಲಿ ಬಿಡಿ, ಇದನ್ನು ಹೇಳಬೇಕಾದ್ದು ನನಗಲ್ಲವಲ್ಲ ಎಂದರು. ಎರಡು ವಾರ ತಡೆದು ಬರೆಯುತ್ತಿದ್ದೇನೆ. ಭಯವಿತ್ತು. ಕೆಲಸ ಹೋಗುತ್ತದೆ ಎಂಬ ಭಯವಲ್ಲ, ನೀನು ಹೋಗುತ್ತೀಯ ಎಂಬ ಭಯ. ನೀನು ಆಗಲೇ ಹೋಗಿದ್ದೀಯ ಎಂಬುದು ನನ್ನ ಮಂದ ತಲೆಗೆ ಹೊಳೆದದ್ದು ತಡವಾಗಿ.

ಆಫೀಸಿಗೂ ಬರೆದುಕೊಟ್ಟಿದ್ದೇನೆ. ಸದ್ಯಕ್ಕೆ ನನ್ನನ್ನು ಗಾಡಿ ತೊಳೆಯುವ ಕಡೆ ಹಾಕಿದ್ದಾರೆ.

ಇದಕ್ಕೆ ಉತ್ತರ ಬರೆಯಲೇಬೇಕೆಂದಿಲ್ಲ.

ಗಾಡಿಯಣ್ಣ


ಅಕ್ಟೋಬರ್ 20

ಅಣ್ಣ,

ಹಾಗೆ ಕರೆಯಬೇಕೋ ಬೇಡವೋ ಎಂದು ಬಹಳ ಹೊತ್ತು ಯೋಚಿಸಿದೆ. ಬೇರೆ ಏನು ಬರೆಯಬೇಕೆಂದು ತಿಳಿಯದೆ ಅದನ್ನೇ ಬರೆದಿದ್ದೇನೆ.

ಮೊದಲ ವಾರ ನಿನ್ನ ಮುಖ ನೆನಪಾದರೆ ಮೈ ಉರಿಯುತ್ತಿತ್ತು. ನಾಲ್ಕು ತಿಂಗಳು ಅಣ್ಣ. ನಾಲ್ಕು ತಿಂಗಳು ನಾನು ಒಲೆಯ ಮುಂದೆ ನಿಂತಿದ್ದೆ, ನೀನು ನನಗೆ ಹಲ್ಲಿನ ನರ್ಸಿನ ಕಥೆ ಬರೆಯುತ್ತಿದ್ದೆ. ಪತ್ರಗಳನ್ನು ಹರಿದುಹಾಕಲು ಹೋದೆ. ಅಕ್ಕ ಕಿತ್ತುಕೊಂಡಳು. “ಕೊನೇದು ಇಟ್ಕೋ. ಬೇಕಾದ್ರೆ ಉಳಿದದ್ದು ಹರಿ,” ಅಂದಳು. ಹಾಗೇ ಮಾಡಿದೆ. ಮಾವನ ಕಥೆ ಇದ್ದದ್ದೂ ಹೋಯಿತು, ಅದೊಂದಕ್ಕೆ ಬೇಸರವಿದೆ.

ಸಿಟ್ಟು ಇಳಿದಿಲ್ಲ. ಅದರ ಪಕ್ಕದಲ್ಲೇ ಇನ್ನೊಂದು ಬಂದು ಕೂತಿದೆ. ಆ ದಿನ ನಾನು ಒಂದು ಸಲ ನೋಡಿದ್ದು ಸರಿಯಾಗಿತ್ತು. ನಿನ್ನ ಪತ್ರದಲ್ಲಿ ಆ ಸಾಲನ್ನೇ ಮತ್ತೆ ಮತ್ತೆ ಓದುತ್ತೇನೆ. ಒಂದು ಸಲ ಸಾಕಾಗಿತ್ತು. ನನ್ನ ಕೈ ನನಗೆ ಮೋಸ ಮಾಡಿರಲಿಲ್ಲ. ಇದು ನಿನಗೆ ಸಣ್ಣ ಮಾತು ಅನಿಸಬಹುದು.

ಈಗ ಊಟಕ್ಕೆ ಎರಡು ಸಲ ಏಳುತ್ತೇನೆ. ಒಮ್ಮೊಮ್ಮೆ ಮೂರು. ಅಕ್ಕ ಎಣಿಸುವುದನ್ನು ಬಿಟ್ಟಿಲ್ಲ. ಗೋದಾಮಿನವರಿಗೆ ಬರುವುದಿಲ್ಲ ಎಂದು ಹೇಳಿಬಂದೆ. ಆಫೀಸಿಗೆ ಇನ್ನೂ ಏನೂ ಹೇಳಿಲ್ಲ. ಹನ್ನೊಂದು ದಿನವಿದೆ.

ಅದಕ್ಕೂ ಮುಂಚೆ ಒಂದು ಕೆಲಸವಿದೆ. ನೀನು ಉಸಿರಮ್ಮನಿಗೆ ಹೇಳಿದೆ, ಆಫೀಸಿಗೆ ಹೇಳಿದೆ, ನನಗೆ ಹೇಳಿದೆ. ದರ್ಜಿಯವರ ಹೆಂಡತಿಗೆ ಯಾರೂ ಹೇಳಿಲ್ಲ. ಆ ನಾಲ್ಕು ನಿಮಿಷ ನಮ್ಮಿಬ್ಬರದ್ದು ಎಂಬಂತೆ ಇಷ್ಟು ದಿನ ನಾನೂ ಅಳುತ್ತಿದ್ದೆ, ನೀನೂ ಬಚ್ಚಿಡುತ್ತಿದ್ದೆ. ಅದು ಅವರದ್ದು. ಶ್ವಾಸಕೋಶ ಮೊದಲೇ ಹೋಗಿತ್ತೋ ಇಲ್ಲವೋ, ಡಾಕ್ಟರು ಹೇಳಿದ್ದು ಎಷ್ಟು ನಿಜವೋ, ಅವರೇ ಕೇಳಿ ತೀರ್ಮಾನ ಮಾಡಲಿ. ಬಾಗಿಲು ತೆಗೆಯದಿದ್ದರೆ ಅದೂ ಸರಿ. ಬೈದರೆ ನಿಂತು ಕೇಳೋಣ.

ಭಾನುವಾರ ಬಾ. ಗಾಡಿ ತರಬೇಡ, ಬಸ್ಸಿನಲ್ಲಿ ಬಾ. ಸೇತುವೆಯ ನಿಲ್ದಾಣದಲ್ಲಿ ನಿಂತಿರುತ್ತೇನೆ. ಸುತ್ತುದಾರಿ ಬೇಡ, ಆ ಬೀದಿಯಲ್ಲೇ ಹೋಗೋಣ. ಮೂರನೇ ಮಹಡಿ, ಮೆಟ್ಟಿಲು ಕಡಿದು. ಮಾತು ನೀನು ಆಡು. ನಾನು ಪಕ್ಕದಲ್ಲಿ ನಿಂತಿರುತ್ತೇನೆ, ನಡುವೆ ಬಾಯಿ ಹಾಕುವುದಿಲ್ಲ. ಹಿಂದಿನ ಬಾಗಿಲು ಯಾರದು ಎಂಬ ಮಾತು ಆಮೇಲೆ.

ಫೋನನ್ನು ಕಪಾಟಿನಿಂದ ತೆಗೆದು ಚಾರ್ಜಿಗೆ ಹಾಕಿದ್ದೇನೆ. ಬಸ್ಸು ಹತ್ತಿದ ಮೇಲೆ ಮಾಡು. ಎತ್ತಲು ಸ್ವಲ್ಪ ತಡವಾಗಬಹುದು, ಗಾಬರಿಯಾಗಿ ಮತ್ತೆ ಮತ್ತೆ ಮಾಡಬೇಡ. ಒಂದು ಸಲ ಮಾಡು, ಸಾಕು.

ಸೂಜಿ